ಬಿಸ್ಕತ್ತು ಒತ್ತುವ ಒರಳು

ಬಿಸ್ಕತ್ತಿನ ಚರಿತ್ರೆ ಬರೆಯುವವರು ಹೆಚ್ಚಾಗಿ ಕಾರ್ಖಾನೆಯ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ 1822ರಲ್ಲಿ ಜೋಸೆಫ್ ಹಂಟ್ಲಿ ಇಟ್ಟ ಸಣ್ಣ ಅಂಗಡಿ ಮುಂದೆ ಹಂಟ್ಲಿ ಅಂಡ್ ಪಾಮರ್ಸ್ ಎಂಬ ಜಗತ್ಪ್ರಸಿದ್ಧ ಕಂಪೆನಿಯಾದದ್ದು, 1880ರಲ್ಲಿ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು ರಾಯಲ್ ಬಿಸ್ಕತ್ತು ಫ್ಯಾಕ್ಟರಿ ತೆರೆದದ್ದು, 1892ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಾನಿಯಾದ ಬೇರು ಮೊಳೆತದ್ದು, ಇವೆಲ್ಲ ಆ ಚರಿತ್ರೆಯಲ್ಲಿ ತಪ್ಪದೆ ಬರುತ್ತವೆ. ತಗಡಿನ ಡಬ್ಬಿ, ರೈಲು, ಸೈನ್ಯದ ರೇಷನ್ನು, ಮಾಲೀಕರ ಭಾವಚಿತ್ರಗಳೂ ಬರುತ್ತವೆ. ಬರದೇ ಇರುವುದು ಮನೆಯ ಬಿಸ್ಕತ್ತು. ಹಬ್ಬದ ಹಿಂದಿನ ರಾತ್ರಿ ನೆಲದ ಮೇಲೆ ಹಳೆಯ ಸೀರೆ ಹಾಸಿ, ನಾಲ್ಕೈದು ಹೆಂಗಸರು ಸುತ್ತ ಕುಳಿತು ಹಿಟ್ಟನ್ನು ಒರಳಿಗೆ ತುಂಬಿ ಒತ್ತಿದ ಬಿಸ್ಕತ್ತಿಗೆ ಚರಿತ್ರೆಯೇ ಇಲ್ಲವೆಂಬಂತೆ ನಾವು ನಡೆದುಕೊಂಡಿದ್ದೇವೆ.

ಈಚೆಗೆ ಪೇಟೆಯ ಪಾತ್ರೆ ಅಂಗಡಿಗಳಲ್ಲಿ ‘ಕುಕ್ಕಿ ಪ್ರೆಸ್’ ಎಂಬ ಹೊಸ ಸಾಮಾನು ಬಂದಿದೆ. ಬಣ್ಣದ ಪೆಟ್ಟಿಗೆಯೊಳಗೆ ಒಂದು ಕೊಳವೆ, ಒಂದು ಹಿಡಿ, ಹೂವು ನಕ್ಷತ್ರ ಎಲೆಗಳ ಆಕಾರದಲ್ಲಿ ಕತ್ತರಿಸಿದ ಹತ್ತಿಪ್ಪತ್ತು ಬಿಲ್ಲೆಗಳು ಇರುತ್ತವೆ. ಪೆಟ್ಟಿಗೆಯ ಮೇಲೆ ನಗುವ ಬಿಳಿ ಹೆಂಗಸಿನ ಚಿತ್ರ. ಇದನ್ನು ವಿದೇಶಿ ವಸ್ತುವೆಂದು ಬೆರಗಿನಿಂದ ಕೊಳ್ಳುವ ನಮ್ಮ ಸೊಸೆಯಂದಿರ ಅಟ್ಟದ ಮೇಲೆಯೇ ಅದರ ಅಕ್ಕ ಕುಳಿತಿರುತ್ತಾಳೆ. ಹಿತ್ತಾಳೆಯದೋ ಮರದ್ದೋ ಆದ ಆ ಅಕ್ಕನಿಗೆ ಹಳೆ ಮೈಸೂರಿನ ಕಡೆ ಚಕ್ಕುಲಿ ಒರಳು ಎನ್ನುತ್ತಾರೆ. ದಖನಿ ಮಾತಾಡುವ ನಮ್ಮ ಮನೆಗಳಲ್ಲಿ ಅದು ಸಾಂಚಾ. ಎರಡೂ ಒಂದೇ ಕಸುಬಿನವು: ಒಳಗೆ ಹಿಟ್ಟು, ಮೇಲೆ ಒತ್ತಡ, ಕೆಳಗೆ ತೂತು. ಈ ತೂತಿನ ಮೂಲಕ ಎಷ್ಟು ನಾಡುಗಳು, ಎಷ್ಟು ಹಬ್ಬಗಳು ಹಾದುಹೋಗಿವೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿ ನಮ್ಮ ಉದ್ದೇಶ.

ನಮಗೆ ತಿಳಿದ ಹಳೆಯ ‘ಯಂತ್ರ’ ಲೋಹದ್ದಲ್ಲ, ತೆಂಗಿನದು. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಎಂಬಾತ ಸಂಕಲಿಸಿದ ‘ಕಿತಾಬ್ ಅಲ್ ತಬೀಖ್’ ಎಂಬ ದೊಡ್ಡ ಅಡುಗೆ ಗ್ರಂಥವಿದೆ. ಅದರಲ್ಲಿ ಜುಲಾಬಿಯಾ ಮಾಡುವ ವಿಧಾನ ಬರುತ್ತದೆ. ತೆಂಗಿನ ಚಿಪ್ಪಿನ ತಳಕ್ಕೆ ತೂತು ಕೊರೆಯಬೇಕು, ತೂತನ್ನು ಬೆರಳಿನಿಂದ ಮುಚ್ಚಿ ಹಿಟ್ಟು ತುಂಬಬೇಕು, ಕಾದ ಎಣ್ಣೆಯ ಮೇಲೆ ಬೆರಳು ತೆಗೆದು ಜಾಲರಿಯಂತೆ ಸುತ್ತಿಸಬೇಕು. ನಮ್ಮ ಸಂತೆಯ ಜಿಲೇಬಿಯ ಪೂರ್ವಜ ಇದೇ. ಬಾಗ್ದಾದಿನಲ್ಲಿ ತೆಂಗು ಬೆಳೆಯುವುದಿಲ್ಲ. ಅರಬರು ಅದನ್ನು ಕರೆದದ್ದೇ ‘ಜೌಜುಲ್ ಹಿಂದ್’, ಹಿಂದೂಸ್ತಾನದ ಕಾಯಿ ಎಂದು. ಸಮುದ್ರ ದಾಟಿ ಹೋದ ಚಿಪ್ಪು ಅಲ್ಲಿನ ಅಡುಗೆಮನೆಯಲ್ಲಿ ಉಪಕರಣವಾಯಿತು, ಅಲ್ಲಿನ ತಿಂಡಿ ಸಮುದ್ರ ದಾಟಿ ಇಲ್ಲಿಗೆ ಬಂದು ಜಿಲೇಬಿಯಾಯಿತು. ಇಂಥ ಕೊಳುಕೊಡೆಯಲ್ಲಿ ಯಾವುದು ಯಾರದು ಎಂದು ಗೆರೆ ಎಳೆಯಲು ಹೊರಡುವವರು ಮೊದಲು ಆ ಚಿಪ್ಪನ್ನು ಎರಡು ಹೋಳು ಮಾಡಬೇಕಾಗುತ್ತದೆ.

ನಮ್ಮ ನೆಲದಲ್ಲಿ ಒತ್ತುವ ಕಲೆ ತೆಳು ಹಿಟ್ಟಿನದಲ್ಲ, ಗಟ್ಟಿ ಹಿಟ್ಟಿನದು. ಚಕ್ಕುಲಿ ಎಂಬ ಪದವನ್ನು ಸಂಸ್ಕೃತದ ‘ಶಷ್ಕುಲಿ’ಗೆ ಜೋಡಿಸುತ್ತಾರೆ. ಅದು ಬಹಳ ಹಳೆಯ ತಿಂಡಿ. ಕನ್ನಡದಲ್ಲಿ ಮೂರನೆಯ ಮಂಗರಸ 1508ರ ಸುಮಾರಿಗೆ ಬರೆದ ‘ಸೂಪಶಾಸ್ತ್ರ’ ಹಿಟ್ಟಿನ ಅಡುಗೆಗಳಿಂದಲೇ, ಅಂದರೆ ಪಿಷ್ಟಪಾಕದಿಂದಲೇ ಆರಂಭವಾಗುತ್ತದೆ. ಅದರಲ್ಲಿನ ಮುಚ್ಚಳ ರೊಟ್ಟಿಯನ್ನು ನಾವು ವಿಶೇಷವಾಗಿ ನೆನೆಯುತ್ತೇವೆ. ಗೋಧಿ ಹಿಟ್ಟಿನ ದಪ್ಪ ರೊಟ್ಟಿಯನ್ನು ಪಾತ್ರೆಯಲ್ಲಿಟ್ಟು ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಬಗೆ ಅದು. ಓವನ್ ಎಂದರೆ ಇನ್ನೇನು? ವಿದ್ಯುತ್ತಿನ ಓವನ್ ಮನೆಗೆ ಬರುವ ತನಕ ನಮ್ಮ ಅಜ್ಜಿಯರು ನಾನ್‌ಖತಾಯಿ ಸುಟ್ಟದ್ದೂ ಹೀಗೆಯೇ. ದೇಗ್ಚಿಯ ತಳಕ್ಕೆ ಮರಳು, ಮರಳಿನ ಮೇಲೆ ತಟ್ಟೆ, ಮುಚ್ಚಳದ ಮೇಲೆ ಕೆಂಡ. ವಿಜಯನಗರದ ಕಾಲದ ಜೈನ ಕವಿಯೊಬ್ಬ ಬರೆದಿಟ್ಟ ವಿಧಾನ ಇಪ್ಪತ್ತನೆಯ ಶತಮಾನದ ಮುಸ್ಲಿಂ ಮೊಹಲ್ಲಾದ ಅಡುಗೆಮನೆಯಲ್ಲಿ ಉಳಿದಿತ್ತು. ಅವರು ಮಂಗರಸನ ಹೆಸರನ್ನೂ ಕೇಳಿರಲಿಲ್ಲ.

ಶ್ಯಾವಿಗೆಯದು ಇನ್ನೂ ದೊಡ್ಡ ಕುಟುಂಬ. ತುಳುನಾಡಿನಲ್ಲಿ ಅದು ಸೇಮೆ, ಕೊಡಗಿನಲ್ಲಿ ನೂಪುಟ್ಟು, ತಮಿಳರಲ್ಲಿ ಇಡಿಯಾಪ್ಪಂ. ಭಟ್ಕಳದ ನವಾಯತರು ಶ್ಯಾವಿಗೆಯನ್ನೇ ಅಕ್ಕಿಯ ಬದಲಿಗೆ ಹಾಕಿ ಬಿರಿಯಾನಿ ಮಾಡುತ್ತಾರೆ. ರಮಜಾನ್ ಹಬ್ಬದ ಶೀರ್ ಖುರ್ಮಾಕ್ಕೆ ಬೇಕಾದ ಗೋಧಿ ಶ್ಯಾವಿಗೆಯನ್ನು ಕೈಯಿಂದ ಹೊಸೆಯುತ್ತಿದ್ದ ಕಾಲ ಹೋಗಿ, ಮಂಚದ ಪಟ್ಟಿಗೆ ತಿರುಪು ಹಾಕಿ ಬಿಗಿಯುವ, ಕೈಯಿಂದ ತಿರುಗಿಸುವ ಮಷೀನು ಬಂತು. ಓಣಿಗೆ ಒಂದು ಮಷೀನು ಇದ್ದರೆ ಆಯಿತು, ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಚಕ್ಕುಲಿ ಒರಳೂ ಹಾಗೆಯೇ. ಗೋಕುಲಾಷ್ಟಮಿಗೆ ಬ್ರಾಹ್ಮಣರ ಮನೆಯಲ್ಲಿ, ಕ್ರಿಸ್‌ಮಸ್ಸಿನ ಕುಸ್ವಾರಿಗೆ ಮಂಗಳೂರಿನ ಕ್ಯಾಥೊಲಿಕರ ಮನೆಯಲ್ಲಿ, ಮದುವೆಯ ಬುತ್ತಿಗೆ ನಮ್ಮ ಮನೆಯಲ್ಲಿ ಅದೇ ಬಗೆಯ ಒರಳು, ಅದೇ ನಕ್ಷತ್ರದ ಬಿಲ್ಲೆ.

ಒಲೆಯ ಮೇಲೆ ಎಣ್ಣೆ ಕಾಯಿಸಿ ಕರಿಯುವವರು ಒತ್ತುಯಂತ್ರವನ್ನು ಹೀಗೆ ಬಳಸಿದರೆ, ಮನೆಯಲ್ಲೇ ಭಟ್ಟಿ ಇದ್ದವರು ಅದನ್ನು ಬೇರೊಂದು ರೀತಿಯಲ್ಲಿ ಬಳಸಿದರು. ಜರ್ಮನರ ‘ಸ್ಪ್ರಿಟ್ಸ್‌ಗೆಬೆಕ್’ ಎಂಬ ಬಿಸ್ಕತ್ತಿನ ಹೆಸರಿನಲ್ಲೇ ಅದರ ಹುಟ್ಟು ಇದೆ. ‘ಸ್ಪ್ರಿಟ್ಸೆನ್’ ಎಂದರೆ ಅವರ ಭಾಷೆಯಲ್ಲಿ ಚಿಮ್ಮಿಸುವುದು. ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು ಸೇರಿಸಿ ಕೊಳವೆಯಿಂದ ಚಿಮ್ಮಿಸಿ, ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಸುಟ್ಟು ಡಬ್ಬಿ ತುಂಬುತ್ತಾರೆ. ಎಷ್ಟೋ ಜರ್ಮನ್ ಮನೆಗಳಲ್ಲಿ ಇದಕ್ಕೆ ಪ್ರತ್ಯೇಕ ಯಂತ್ರವೂ ಇಲ್ಲ. ಕೈಮಾ ಮಾಡುವ ಮಷೀನಿನ ಬಾಯಿಗೆ ಆಕಾರದ ಪಟ್ಟಿ ಸಿಕ್ಕಿಸಿದರೆ ಅದೇ ಬಿಸ್ಕತ್ತಿನ ಮಷೀನು. ಜರ್ಮನರೂ ಸ್ಕ್ಯಾಂಡಿನೇವಿಯದವರೂ ವಲಸೆ ಹೋಗಿ ನೆಲೆಸಿದ ಅಮೆರಿಕದ ನಡುಸೀಮೆಗೆ ಈ ರೂಢಿ ಹೋಯಿತು. ವಿಸ್ಕಾನ್‌ಸಿನ್ ರಾಜ್ಯದ ಮ್ಯಾನಿಟೊವಾಕ್ ಎಂಬ ಊರಿನ ಅಲ್ಯುಮಿನಿಯಂ ಪಾತ್ರೆಯ ಕಂಪೆನಿಯೊಂದು ‘ಮಿರೋ’ ಎಂಬ ಹೆಸರಿನಲ್ಲಿ ಮಾರಿದ ಒತ್ತುಯಂತ್ರ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿ ಮನೆಮಾತಾಗಿತ್ತು. ನಮ್ಮ ಪೇಟೆಯ ಬಣ್ಣದ ಪೆಟ್ಟಿಗೆ ಈ ವಂಶದ್ದು.

ಆದರೆ ನಮಗೆ ಹೆಚ್ಚು ಸೋಜಿಗವೆನಿಸುವುದು ಪಶ್ಚಿಮಕ್ಕೆ ಹೋದ ದಾರಿಯಲ್ಲ, ಪೂರ್ವಕ್ಕೆ ಬಂದ ದಾರಿ. ಜರ್ಮನರ ನೆರೆಯವರಾದ ಡಚ್ಚರಲ್ಲಿ ಇದೇ ತಿಂಡಿಗೆ ‘ಸ್ಪ್ರಿಟ್ಸ್’ ಎಂದು ಹೆಸರು. ಡಚ್ಚರು ಮೆಣಸು ಲವಂಗ ಜಾಯಿಕಾಯಿಗಾಗಿ ಜಾವಾ ದ್ವೀಪಗಳಿಗೆ ಹೋದರು, ಮುನ್ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಬೇರೂರಿದರು. 1945ರಲ್ಲಿ ಇಂಡೊನೇಷಿಯಾ ಸ್ವಾತಂತ್ರ್ಯ ಘೋಷಿಸಿತು. ಒಡೆಯರು ಹೋದರು, ಬಿಸ್ಕತ್ತು ಉಳಿಯಿತು. ಡಚ್ ಮನೆಗಳಲ್ಲಿ ಬೇಯಿಸುತ್ತಿದ್ದವರು ಜಾವಾದ ಹೆಂಗಸರೇ. ಅವರು ಆ ವಿದ್ಯೆಯನ್ನು ತಮ್ಮ ಮನೆಗೆ ಒಯ್ದು ತಮ್ಮ ಹಬ್ಬಕ್ಕೆ ಹಾಕಿಕೊಂಡರು. ಇವತ್ತು ಇಂಡೊನೇಷಿಯಾದ ಮುಸ್ಲಿಂ ಮನೆಯೊಂದಕ್ಕೆ ಈದುಲ್ ಫಿತ್ರ್ ದಿನ ಹೋದರೆ ಗಾಜಿನ ಭರಣಿಗಳಲ್ಲಿ ಎದುರಿಗೆ ಬರುವುದು ನಸ್ತಾರ್, ಕಾಸ್ಟೆಂಗೆಲ್ಸ್, ಸೆಂಪ್ರಿತ್. ನಸ್ತಾರ್ ಎಂದರೆ ಡಚ್ಚರ ‘ಅನಾನಸ್ ಟಾರ್ಟ್’ ನಾಲಗೆಯಲ್ಲಿ ಸವೆದು ಆದದ್ದು. ಕಾಸ್ಟೆಂಗೆಲ್ಸ್ ಎಂಬುದು ಚೀಸಿನ ಕಡ್ಡಿ. ಸೆಂಪ್ರಿತ್ ಎಂಬುದು ಅದೇ ಸ್ಪ್ರಿಟ್ಸ್. ಒಂದು ಧರ್ಮದವರ ಡಿಸೆಂಬರಿನ ತಿಂಡಿ ಇನ್ನೊಂದು ಧರ್ಮದವರ ಶವ್ವಾಲ್ ತಿಂಗಳ ತಿಂಡಿಯಾಯಿತು. ಇದಕ್ಕಾಗಿ ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮಲೇಷಿಯಾದಲ್ಲಿ ಇದು ‘ಬಿಸ್ಕುಟ್ ಸೆಂಪರಿತ್’. ಅಲ್ಲಿನ ಅಚ್ಚನ್ನು ನೋಡಿದ ಕನ್ನಡಿಗರು ಬೆಚ್ಚಿಬೀಳಬೇಕು: ಚಿಕ್ಕ ಹಿತ್ತಾಳೆಯ ಕೊಳವೆ, ತಳದಲ್ಲಿ ನಕ್ಷತ್ರದ ತೂತು, ಮೇಲಿನಿಂದ ಒತ್ತಲು ಮರದ ಗೂಟ. ಥೇಟ್ ನಮ್ಮ ಚಕ್ಕುಲಿ ಒರಳಿನ ಮರಿ. ತಮಿಳು ಕೂಲಿಕಾರರೂ ತಮಿಳು ಮುಸ್ಲಿಂ ವ್ಯಾಪಾರಿಗಳೂ ಮಲಯಕ್ಕೆ ಮುರುಕ್ಕನ್ನೂ ಇಡಿಯಾಪ್ಪಂ ಅನ್ನೂ ಒಯ್ದಿದ್ದರು. ಇಡಿಯಾಪ್ಪಂ ಅಲ್ಲಿ ಪುಟು ಮಾಯಮ್ ಎಂಬ ಹೆಸರಿನಲ್ಲಿ ಬೀದಿ ತಿಂಡಿಯಾಗಿದೆ. ಡಚ್ಚರ ಹಿಟ್ಟು, ನಮ್ಮವರ ಒರಳು ಅಲ್ಲಿ ಸಂಧಿಸಿದವು ಎಂಬುದು ನಮ್ಮ ಅನುಮಾನ. ಆ ಬಿಸ್ಕತ್ತಿಗೆ ಮೂರನೆಯ ಸಂಬಂಧಿಯೊಬ್ಬನಿದ್ದಾನೆ, ಇಂಗ್ಲಿಷಿನವನು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಕಂಡುಹಿಡಿದ. ಸೆಂಪರಿತ್‌ಗೆ ಹಳದಿ ಬಣ್ಣ, ವೆನಿಲ್ಲಾ ಪರಿಮಳ, ಬಾಯಲ್ಲಿ ಕರಗುವ ಗುಣ ಬರುವುದು ಈ ಪುಡಿಯಿಂದ. ಹೆಂಡತಿಯ ಪಥ್ಯಕ್ಕೆಂದು ಮಾಡಿದ್ದು ಎಲ್ಲಿಗೆ ಹೋಗಿ ಯಾರ ಹಬ್ಬ ಮಾಡಿತು ನೋಡಿ!

ಈಜಿಪ್ಟಿನ ಮಾತು ಹೇಳದೆ ಮುಂದೆ ಹೋಗಲಾಗದು. ಅಲ್ಲಿ ಈದಿನ ತಿಂಡಿ ಕಹ್ಕ್. ಫಾತಿಮಿ ಆಳ್ವಿಕೆಯಲ್ಲಿ ಹಬ್ಬದ ತಿನಿಸು ಮಾಡಲೆಂದೇ ‘ದಾರುಲ್ ಫಿತ್ರ’ ಎಂಬ ಸರಕಾರಿ ಪಾಕಶಾಲೆಯಿತ್ತು. ಅದಕ್ಕೂ ಮುಂಚಿನಿಂದ ಕಹ್ಕ್‌ಗೆ ಅಕ್ಷರ ಕೊರೆದ ಅಚ್ಚುಗಳನ್ನು ಒತ್ತುತ್ತಿದ್ದರು. ಅಂಥ ಹಳೆಯ ಅಚ್ಚುಗಳನ್ನು ಕೈರೋದ ಇಸ್ಲಾಮಿ ಕಲಾ ವಸ್ತುಸಂಗ್ರಹಾಲಯ ಕಾಪಾಡಿದೆ. ಕಹ್ಕ್‌ನ ಪಕ್ಕದಲ್ಲಿ ಕೂರುವ ‘ಬಸ್ಕೂತ್’ ಮಾತ್ರ ಹೊಸ ಕಾಲದ್ದು. ಅದನ್ನು ಮಾಡುವುದು ಜರ್ಮನರ ಹಾಗೆ ಕೈಮಾ ಮಷೀನಿನಿಂದಲೇ. ಮೇಜಿನ ಅಂಚಿಗೆ ಮಷೀನು ಬಿಗಿದು ಒಬ್ಬಳು ತಿರುಗಿಸುತ್ತಾಳೆ, ಇನ್ನೊಬ್ಬಳು ಉದ್ದಕ್ಕೆ ಬರುವ ಗೆರೆಗೆರೆಯ ಪಟ್ಟಿಯನ್ನು ಬೆರಳುದ್ದಕ್ಕೆ ಕತ್ತರಿಸಿ ತಟ್ಟೆಗೆ ಜೋಡಿಸುತ್ತಾಳೆ. ಮನೆಯಲ್ಲಿ ಭಟ್ಟಿ ಇಲ್ಲದ ಕಾಲದಲ್ಲಿ ಆ ತಟ್ಟೆಗಳು ತಲೆಯ ಮೇಲೆ ಹೊತ್ತು ಓಣಿಯ ಭಟ್ಟಿಗೆ ಹೋಗುತ್ತಿದ್ದವು.

ಇದನ್ನು ಓದಿದಾಗ ನಮಗೆ ನಮ್ಮ ಕಡೆಯ ಊರುಗಳೇ ನೆನಪಾದವು. ರಮಜಾನಿನ ಕೊನೆಯ ಹತ್ತು ದಿನಗಳಲ್ಲಿ ತರಾವೀಹ್ ಮುಗಿದ ಮೇಲೆ ಬೇಕರಿಯ ಹಿಂಬಾಗಿಲಿನಲ್ಲಿ ಹುಡುಗರ ಸಾಲು. ಒಬ್ಬೊಬ್ಬರ ಕೈಯಲ್ಲೂ ಮನೆಯಿಂದ ತಂದ ತಟ್ಟೆ, ಮೇಲೆ ಒದ್ದೆ ಬಟ್ಟೆ. ತಟ್ಟೆಗೆ ಇಷ್ಟು ಎಂದು ಸುಡುವ ಕೂಲಿ. ತಟ್ಟೆಗಳು ಅದಲುಬದಲಾಗಬಾರದೆಂದು ಹೆಂಗಸರು ಮೂಲೆಯ ಬಿಸ್ಕತ್ತಿನ ಮೇಲೆ ಗುರುತು ಒತ್ತಿ ಕಳಿಸುತ್ತಿದ್ದರು, ಲವಂಗವೋ ಬಾದಾಮಿ ಚೂರೋ ಉಗುರಿನ ಗೆರೆಯೋ. ಹೆಸರು ಬರೆಯಲು ಬಾರದವರ ಸಹಿ ಅದು. ಹಿಟ್ಟು ಹದ ಮಾಡಿದವಳು ಮನೆಯಲ್ಲಿ, ಕೂಲಿ ಪಡೆದವನು ಬೇಕರಿಯಲ್ಲಿ, ಹೊಗಳಿಕೆ ಪಡೆದವರು ಹಬ್ಬದ ದಿನ ಅತಿಥಿಗಳ ಮುಂದೆ ಕುಳಿತ ಗಂಡಸರು. ಚರಿತ್ರೆಯಲ್ಲಿ ಮನೆಯ ಬಿಸ್ಕತ್ತು ಇಲ್ಲದಿರಲು ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಕೊಬ್ಬಿನ ಕಥೆಯನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಒತ್ತುಬಿಸ್ಕತ್ತಿನ ಜೀವ ಇರುವುದು ಕೊಬ್ಬಿನಲ್ಲಿ. ಬೆಣ್ಣೆ, ತುಪ್ಪ ಬಡವರಿಗೆ ಎಟುಕುತ್ತಿರಲಿಲ್ಲ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಡಾಡಾ ಎಂಬ ಡಚ್ ಕಂಪೆನಿಯ ಹೆಸರಿನ ನಡುವೆ ಲೀವರ್ ಕಂಪೆನಿಯ ‘ಲ’ಕಾರ ಸೇರಿಸಿ ಮಾಡಿದ ಹೆಸರು ಅದು. ಇಲ್ಲಿಯೂ ಡಚ್ಚರು! ಹಳದಿ ಡಬ್ಬಿಯ ಮೇಲಿನ ತೆಂಗಿನ ಮರದ ಚಿತ್ರ ನಮ್ಮ ತಲೆಮಾರಿನ ಎಲ್ಲರಿಗೂ ಗೊತ್ತು. ಡಾಲ್ಡಾ ಇಲ್ಲದಿದ್ದರೆ ಬಡವರ ಮನೆಯಲ್ಲಿ ಹಬ್ಬದ ಬಿಸ್ಕತ್ತು ಆಗುತ್ತಲೇ ಇರಲಿಲ್ಲ ಎಂಬುದು ನಿಜ. ಗಟ್ಟಿ ಮಾಡಿದ ಆ ಎಣ್ಣೆಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂಬುದೂ ನಿಜ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ನಿಯಮವಿದೆ. ಮನೆಗೆ ಮಾಡುವವರು ಬೆಣ್ಣೆಯಲ್ಲೋ ತುಪ್ಪದಲ್ಲೋ ಸ್ವಲ್ಪವೇ ಮಾಡಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಓದಿದವರು, ಹಾಗಾದರೆ ಯಾವ ಒರಳು ಕೊಳ್ಳಬೇಕು ಎಂದು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಹಿತ್ತಾಳೆಯ ಚಕ್ಕುಲಿ ಒರಳು ಇದ್ದರೆ ಏನನ್ನೂ ಕೊಳ್ಳಬೇಡಿ ಎಂಬುದೇ ನಮ್ಮ ಉತ್ತರ. ಅದರ ದೊಡ್ಡ ನಕ್ಷತ್ರದ ಬಿಲ್ಲೆ, ಒಂದು ಅಂಚು ಗರಗಸದಂತಿರುವ ಸೀಳು ಬಿಲ್ಲೆ, ಇವೆರಡು ಸಾಕು. ಸೇವಿನ ಸಣ್ಣ ತೂತುಗಳ ಬಿಲ್ಲೆ ಇದಕ್ಕೆ ಬಾರದು. ಬೆಣ್ಣೆಯ ಎಳೆಗಳು ಶಾಖಕ್ಕೆ ಕರಗಿ ಒಂದಕ್ಕೊಂದು ಕೂಡಿ ಮುದ್ದೆಯಾಗುತ್ತವೆ. ಉದ್ದಕ್ಕೆ ಒತ್ತಿ ಎರಡು ಬೆರಳಿನಷ್ಟು ಕತ್ತರಿಸಿದರೆ ಕೈರೋದ ಬಿಸ್ಕತ್ತು, ಸುತ್ತಿ ಬಳೆ ಮಾಡಿದರೆ ಜರ್ಮನರದು. ಹೂವು ಎಲೆ ಬೇಕೆಂದು ಮಕ್ಕಳು ಹಟ ಹಿಡಿದರೆ ಮಾತ್ರ ಪೇಟೆಯ ಯಂತ್ರ. ಆಗಲೂ ಪ್ಲಾಸ್ಟಿಕ್ಕಿನ ಕುದುರೆ ಒತ್ತುವಂಥದ್ದು ಬೇಡ. ಗಟ್ಟಿ ಹಿಟ್ಟಿಗೆ ಅದರ ಹಲ್ಲು ಮುರಿಯುತ್ತದೆ. ಲೋಹದ ಕೊಳವೆ, ಲೋಹದ ಹಿಡಿ, ಬಿಲ್ಲೆ ಕೂರುವ ಉಂಗುರ ತಿರುಪಿನಿಂದ ಬಿಗಿಯಾಗುವಂಥದ್ದು ಇರಬೇಕು. ತಿರುಪಿನದು ನಿಧಾನ, ಆದರೆ ಮುಂಗೈ ನೋವಿರುವ ಹೆಂಗಸರಿಗೆ ಅದೇ ಹಿತ. ಬಿಲ್ಲೆಗಳ ಸಂಖ್ಯೆಗೆ ಮರುಳಾಗುವುದು ವ್ಯರ್ಥ. ಇಪ್ಪತ್ತರಲ್ಲಿ ಹದಿನಾರು ಡಬ್ಬಿಯಲ್ಲೇ ಉಳಿಯುತ್ತವೆ.

ಹಿಟ್ಟಿನ ಲೆಕ್ಕ ನೆನಪಿಡುವುದು ಸುಲಭ. ಒಂದು ಪಾಲು ಪುಡಿ ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಸಕ್ಕರೆ 100 ಗ್ರಾಂ ಆದರೆ ಬೆಣ್ಣೆ 200, ಮೈದಾ 300, ಜೊತೆಗೆ ಒಂದು ಮೊಟ್ಟೆಯ ಹಳದಿ. ಬೆಣ್ಣೆಯಲ್ಲಿ ನೂರಕ್ಕೆ ಹದಿನೈದು ಹದಿನಾರು ಪಾಲು ನೀರೇ ಇರುತ್ತದೆ, ತುಪ್ಪದಲ್ಲಿ ಇಲ್ಲ. ಆದ್ದರಿಂದ ತುಪ್ಪವಾದರೆ 170 ಗ್ರಾಂ ಸಾಕು, ಬಿಸ್ಕತ್ತೂ ಹೆಚ್ಚು ಪುಡಿಪುಡಿಯಾಗಿ, ಉರ್ದುವಿನಲ್ಲಿ ಹೇಳುವಂತೆ ಖಸ್ತಾ ಆಗಿ ಬರುತ್ತದೆ. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಈ ಕೆಲಸಕ್ಕೆ ಕೂರುವುದು ಜಾಣತನವಲ್ಲ. ಸಹರಿ ಮುಗಿದ ಮೇಲಿನ ತಂಪು ಹೊತ್ತು ಒಳ್ಳೆಯದು. ಬೇಕಿಂಗ್ ಪೌಡರ್ ಹಾಕಿದರೆ ಬಿಸ್ಕತ್ತು ಉಬ್ಬಿ ಒತ್ತಿದ ಗೆರೆಗಳು ಮಾಯವಾಗುತ್ತವೆ. ಗೋಡಂಬಿ ಚೂರು, ಕೊಬ್ಬರಿ ತುರಿ ತೂತಿಗೆ ಸಿಕ್ಕಿಕೊಳ್ಳುತ್ತವೆ, ಅವುಗಳ ಜಾಗ ಬಿಸ್ಕತ್ತಿನ ಮೇಲೆಯೇ ಹೊರತು ಒಳಗಲ್ಲ. ಏಲಕ್ಕಿಯನ್ನು ನುಣ್ಣಗೆ ಕುಟ್ಟಿ ಹಾಕಬಹುದು.

ಒತ್ತುವಾಗ ನಮ್ಮವರ ಕೈಗೆ ಒಗ್ಗದ ಒಂದು ಸಂಗತಿಯಿದೆ. ಚಕ್ಕುಲಿಯನ್ನು ಮೇಲಿನಿಂದ ಇಳಿಬಿಟ್ಟು ಒತ್ತುವುದು ರೂಢಿ. ಹೂವಿನ ಬಿಲ್ಲೆಯ ಯಂತ್ರವನ್ನು ಮಾತ್ರ ತಟ್ಟೆಗೆ ನೇರವಾಗಿ ತಾಗಿಸಿ ನಿಲ್ಲಿಸಬೇಕು, ಒತ್ತಬೇಕು, ಒಂದು ಕ್ಷಣ ತಡೆದು ನೆಟ್ಟಗೆ ಎತ್ತಬೇಕು. ತಟ್ಟೆಗೆ ಎಣ್ಣೆ ಸವರಬಾರದು, ಕಾಗದವನ್ನೂ ಹಾಸಬಾರದು. ಹಿಟ್ಟು ತಟ್ಟೆಗೆ ಅಂಟಿದರೆ ತಾನೇ ಯಂತ್ರವನ್ನು ಬಿಡುವುದು? ಒಂದು ಸಲ ಸುಟ್ಟು ತೆಗೆದ ಬಿಸಿ ತಟ್ಟೆಯ ಮೇಲೆ ಒತ್ತಿದರೆ ಬೆಣ್ಣೆ ಅಲ್ಲೇ ಕರಗುತ್ತದೆ. ತಟ್ಟೆ ಆರಲಿ. ಹಿಟ್ಟು ಬಿರುಕು ಬಿಟ್ಟರೆ ತಣ್ಣಗಾಗಿದೆ ಎಂದರ್ಥ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ. ಆಕಾರ ನಿಲ್ಲದೆ ಹರಡಿದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಕೆಟ್ಟದ್ದನ್ನು ಕೆರೆದು ಮತ್ತೆ ಒರಳಿಗೆ ಹಾಕುವುದರಲ್ಲಿ ನಾಚಿಕೆಯೇನಿಲ್ಲ. 180 ಡಿಗ್ರಿಯ ಓವನ್ನಿನಲ್ಲಿ ಹತ್ತು ಹನ್ನೆರಡು ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗಿದರೆ ಆಯಿತು. ಓವನ್ ಇಲ್ಲದವರಿಗೆ ಮರಳಿನ ದೇಗ್ಚಿ ಇದ್ದೇ ಇದೆ. ಅದರಲ್ಲಿ ಇನ್ನೂ ಐದಾರು ನಿಮಿಷ ಹೆಚ್ಚು ಬೇಕಾಗುತ್ತದೆ.

ಹಿತ್ತಾಳೆಗೆ ಈಗ ಒಳ್ಳೆಯ ಬೆಲೆ ಬಂದಿರುವುದರಿಂದ ಗುಜರಿಯವರು ಓಣಿಗೆ ಬಂದು ಕೇಳುವ ಮೊದಲ ಸಾಮಾನುಗಳಲ್ಲಿ ಈ ಒರಳೂ ಒಂದು. ತೂಕ ಮಾಡಿ ದುಡ್ಡು ಎಣಿಸಿಕೊಡುತ್ತಾರೆ, ಆ ದುಡ್ಡಿನಲ್ಲಿ ಪ್ಲಾಸ್ಟಿಕ್ಕಿನದು ಎರಡು ಬರುತ್ತವೆ. ಕೊಡುವ ಮುಂಚೆ ಅದನ್ನೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿದರೆ, ಎಷ್ಟೋ ಒರಳುಗಳ ಕುತ್ತಿಗೆಯ ಮೇಲೆ ಮದುವೆಯಲ್ಲಿ ಕೊಟ್ಟವರ ಹೆಸರೋ ಇಸವಿಯೋ ಕೊರೆದಿರುವುದು ಕಾಣುತ್ತದೆ. ಇಟ್ಟುಕೊಳ್ಳುವವರು ಕೆಲಸವಾದ ಕೂಡಲೇ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ತೂತುಗಳಲ್ಲಿ ಕೂತ ಹಿಟ್ಟನ್ನು ಪೊರಕೆ ಕಡ್ಡಿಯಿಂದ ತೆಗೆಯಬೇಕು. ಬಿಲ್ಲೆಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಒರಳಿನ ಹಿಡಿಗೇ ಕಟ್ಟಿಟ್ಟರೆ ಪಕ್ಕದ ಮನೆಗೆ ಹೋದರೂ ಒಂದೂ ಕಳೆಯದೆ ವಾಪಸು ಬರುತ್ತವೆ.